ಭೀಮಸೇನ ಜೋಶಿಯವರ ಕೇಳುಗರು

ಭೀಮಸೇನ ಜೋಶಿಯವರ ಅಭಿಮಾನಿಗಳ ಇತಿಹಾಸ ಅವರು ಹುಟ್ಟುವುದಕ್ಕೂ ಮೊದಲೇ, ಮೀರಜಿನಿಂದ ಬೆಳಗಾವಿ ಹಾದು ಧಾರವಾಡ, ಹುಬ್ಬಳ್ಳಿಗಳಿಗೆ ಬರುವ ರೈಲುದಾರಿಯ ಊರುಗಳಲ್ಲಿ ಶುರುವಾಗುತ್ತದೆ. ಆಗ ಈ ಸೀಮೆಯ ಬಹುಭಾಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಡುನಡುವೆ ಮೀರಜ, ಕುರುಂದವಾಡ, ಜಮಖಂಡಿ, ರಾಮದುರ್ಗದಂಥ ಪುಟ್ಟ ಸಂಸ್ಥಾನಗಳಿದ್ದವು. ಉತ್ತರದ ಕೈರಾನದಿಂದ ಹೊರಟ ಅಬ್ದುಲ್ ಕರೀಂ ಖಾನರು ಬರೋಡೆಯ ದರಬಾರು ಬಿಟ್ಟು ಕಡೆಗೆ ನೆಲೆಯೂರಿದ್ದು ಮೀರಜಿನಲ್ಲಿ. ಮೈಸೂರು ಅರಮನೆಯಿಂದ ಅವರಿಗೆ ಕರೆ ಬರುತ್ತಿತ್ತು. ಹೋಗುವಾಗ ಬರುವಾಗ ಧಾರವಾಡ ಸಿಗುತ್ತಿತ್ತು. ಅಲ್ಲಿನ ವಕೀಲರು, ವೈದ್ಯರು, ಜಮೀನುದಾರರ ಮನೆಯ ಪಡಸಾಲೆಗಳಲ್ಲಿ ಬೈಠಕ್‌ಗಳು ನಡೆಯುತ್ತಿದ್ದವು. ಕಿರಾನಾ ಘರಾಣೆ ಎಂದು ಇಂದು ಕರೆಯುವ ಗಾಯನಕ್ಕೆ ಕನ್ನಡ ನಾಡಿನಲ್ಲಿ ಮೊದಲ ಕೇಳುಗರು ಸಿಕ್ಕಿದ್ದು ಹೀಗೆ.

ಈ ಬೈಠಕ್‌ಗಳಿಗೆ ಟಿಕೀಟು ಇರಲಿಲ್ಲ, ಆದರೆ ಎಲ್ಲರಿಗೂ ಪ್ರವೇಶವಿರಲಿಲ್ಲ ಎನ್ನುವುದೂ ನಿಜ. ಕೇಳುವವರು ಮೂವತ್ತು ನಲವತ್ತು ಜನ. ಹೆಚ್ಚಿನವರು ಮನೆಯ ಯಜಮಾನನಿಗೆ ಗೊತ್ತಿದ್ದವರು. ಗಾಯಕ ಸಮಕ್ಕೆ ಬಂದು ಕೂತಾಗ ತಲೆದೂಗಬೇಕು, ಹೊಸ ಜಾಗಕ್ಕೆ ಕೈಹಾಕಿದಾಗ ‘ವಾಹ್’ ಅನ್ನಬೇಕು. ತಪ್ಪಾದ ಜಾಗದಲ್ಲಿ ಅಂದವನನ್ನು ಪಕ್ಕದವರು ತಿರುಗಿ ನೋಡುತ್ತಿದ್ದರು. ದಾದ್ ಕೊಡುವುದೂ ಒಂದು ವಿದ್ಯೆಯಾಗಿತ್ತು. ಕೇಳುಗ ತನಗೆ ತಿಳಿದಷ್ಟನ್ನೂ ತೋರಿಸಬಹುದಾಗಿದ್ದ ಏಕೈಕ ಅವಕಾಶ ಅದು.

ಪಡಸಾಲೆಯಿಂದ ಗಾಯನವನ್ನು ಬೀದಿಗೆ ತಂದದ್ದು ನಾಟಕ ಕಂಪನಿಗಳು. ಅಬ್ದುಲ್ ಕರೀಂ ಖಾನರ ಶಿಷ್ಯರಲ್ಲಿ ದೊಡ್ಡ ಹೆಸರು ಪಡೆದ ರಾಮಚಂದ್ರ ಕುಂದಗೋಳಕರ ಅವರು 1886ರಲ್ಲಿ ಕುಂದಗೋಳದಲ್ಲಿ ಹುಟ್ಟಿದರು. ಗುರುವಿನ ಬಳಿ ಕಲಿತ ಮೇಲೆ ಅವರು ಸೇರಿದ್ದು ಮರಾಠಿ ಸಂಗೀತ ರಂಗಭೂಮಿಯನ್ನು. ಬಾಲಗಂಧರ್ವರ ಕಾಲ ಅದು. ನಾಟ್ಯಗೀತೆಯೊಂದಕ್ಕೆ ಮತ್ತೆ ಮತ್ತೆ ‘ಒನ್ಸ್ ಮೋರ್’ ಬಿದ್ದು ನಾಟಕ ಬೆಳಗಿನ ಜಾವದವರೆಗೆ ಎಳೆಯುತ್ತಿದ್ದ ಕಾಲ. ಅಂಥವರ ನಡುವೆ ಕುಂದಗೋಳಕರರಿಗೆ ಸಿಕ್ಕ ಬಿರುದು ಸವಾಯಿ ಗಂಧರ್ವ. ನಾಲ್ಕಾಣೆ ಕೊಟ್ಟು ಹಿಂದಿನ ಸಾಲಿನಲ್ಲಿ ಕೂತವನೂ ‘ಇನ್ನೊಮ್ಮೆ ಹಾಡು’ ಎಂದು ಕೂಗಬಹುದಾಗಿದ್ದ ಆ ಥಿಯೇಟರು, ಮುಂದೆ ಭೀಮಸೇನರ ಕಛೇರಿಗಳಲ್ಲಿ ಕಾಣುವ ಜನಸಮೂಹಕ್ಕೆ ಮೊದಲ ಪಾಠಶಾಲೆ.

ಮೂರನೆಯದು ಗ್ರಾಮಫೋನು. ಮೂರು ನಿಮಿಷ ದಾಟಿದ ಕೂಡಲೆ ಮುಗಿಯುವ ತಟ್ಟೆ. ಒಂದು ಗಂಟೆ ಬೆಳೆಸುವ ರಾಗವನ್ನು ಅಷ್ಟರಲ್ಲಿ ಹಿಡಿಸುವುದು ದೊಡ್ಡ ಗಾಯಕರಿಗೂ ಕಷ್ಟವಾಗಿತ್ತು. ಅಬ್ದುಲ್ ಕರೀಂ ಖಾನರು ಅದನ್ನು ಸಾಧಿಸಿದವರಲ್ಲಿ ಒಬ್ಬರು. ಅವರ ತಟ್ಟೆಗಳು ಚಹಾದಂಗಡಿಯಲ್ಲಿ, ಗ್ರಾಮಫೋನ್ ಮಾರುವ ಅಂಗಡಿಯ ಮುಂಗಟ್ಟಿನಲ್ಲಿ ಮೊಳಗತೊಡಗಿದಾಗ, ಬೈಠಕ್ಕಿನ ಹೊಸ್ತಿಲು ತುಳಿಯಲಾಗದವರಿಗೂ ಆ ಕಂಠ ಸಿಕ್ಕಿತು. ಧಾರವಾಡದಲ್ಲಿ ಬಾಲಕಿ ಗಂಗೂಬಾಯಿ ಹಾನಗಲ್ ಗ್ರಾಮಫೋನಿನ ಸದ್ದು ಕೇಳಿದರೆ ಮನೆಯಿಂದ ಬೀದಿಗೆ ಓಡುತ್ತಿದ್ದರು. ಗದಗಿನಲ್ಲಿ ಇನ್ನೊಬ್ಬ ಹುಡುಗ ಅದಕ್ಕಿಂತ ದೂರ ಓಡಿಹೋದ.

ಭೀಮಸೇನ ಹುಟ್ಟಿದ್ದು 1922ರ ಫೆಬ್ರವರಿ 4ರಂದು, ರೋಣದಲ್ಲಿ. ತಂದೆ ಗುರುರಾಜ ಜೋಶಿ ಶಾಲಾ ಶಿಕ್ಷಕರು. ಹದಿನಾರು ಮಕ್ಕಳಲ್ಲಿ ಭೀಮಸೇನನೇ ಹಿರಿಯ. ತಾಯಿ ಬೇಗ ತೀರಿಕೊಂಡರು. ಹುಡುಗನಿಗೆ ಭಜನೆಯ ಮೇಳ, ಮೆರವಣಿಗೆಯ ಬ್ಯಾಂಡು ಕಿವಿಗೆ ಬಿದ್ದರೆ ಸಾಕು, ಹಿಂದೆ ಹೋಗಿಬಿಡುತ್ತಿದ್ದ, ದಣಿದಲ್ಲೇ ಮಲಗುತ್ತಿದ್ದ. ಮನೆಯವರು ಹುಡುಕಿ ಹುಡುಕಿ ಸುಸ್ತಾಗಿ, ಕೊನೆಗೆ ತಂದೆ ಅವನ ಅಂಗಿಗಳ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರು. ಎಲ್ಲಿ ಸಿಕ್ಕರೂ ಜನ ಮನೆಗೆ ತಂದುಬಿಡಲಿ ಎಂದು. ಉಪಾಯ ಫಲಿಸಿತಂತೆ. ಕುರ್ತಕೋಟಿಯ ಚನ್ನಪ್ಪನವರು, ಆಮೇಲೆ ಶ್ಯಾಮಾಚಾರ್ಯ ಜೋಶಿಯವರು ಆರಂಭದ ಪಾಠ ಹೇಳಿದರು.

ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮ್ರಿಯ ತಟ್ಟೆಯೊಂದು ಈ ಹುಡುಗನ ದಾರಿಯನ್ನೇ ತಿರುಗಿಸಿತು. ಹೀಗೆ ಹಾಡಬೇಕು, ಹೀಗೆ ಹಾಡಲು ಕಲಿಸುವ ಗುರು ಬೇಕು ಎಂಬ ಹಟ ಹತ್ತಿ 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಅವನು ಮನೆ ಬಿಟ್ಟ. ರೈಲಿನಲ್ಲಿ ಟಿಕೀಟಿಗೆ ಹಣವಿಲ್ಲ. ಡಬ್ಬಿಯಲ್ಲಿದ್ದವರಿಗೆ ಹಾಡಿ ತೋರಿಸುತ್ತ, ಅವರು ಕೊಟ್ಟದ್ದರಲ್ಲಿ ಮುಂದಿನ ಊರು. ಹೀಗೆ ವಿಜಾಪುರ, ಪುಣೆ, ಗ್ವಾಲಿಯರ್. ಸರೋದ್ ವಾದಕ ಹಾಫೀಜ್ ಅಲಿ ಖಾನರ ನೆರವಿನಿಂದ ಗ್ವಾಲಿಯರಿನ ಮಾಧವ ಸಂಗೀತ ಶಾಲೆಗೆ ಪ್ರವೇಶ ಸಿಕ್ಕಿತು. ಅಲ್ಲಿಂದ ಲಖನೌ, ರಾಮಪುರ, ದಿಲ್ಲಿ, ಕಲಕತ್ತೆ. ಭಾರತೀಯ ಸಂಗೀತದ ಚರಿತ್ರೆಯಲ್ಲಿ ಅಭಿಮಾನದ ಕಥೆಗಳು ಬೇಕಾದಷ್ಟಿವೆ, ಆದರೆ ಒಂದು ತಟ್ಟೆಯ ಬೆನ್ನು ಹತ್ತಿ ಅರ್ಧ ದೇಶ ಸುತ್ತಿದ ಈ ಬಾಲಕನ ಕಥೆಗೆ ಸಮನಾದದ್ದು ವಿರಳ. ಭೀಮಸೇನರು ಗಾಯಕರಾಗುವ ಮೊದಲು ಅಭಿಮಾನಿಯಾಗಿದ್ದರು. ಅವರ ಕೇಳುಗರು ಈ ಕಥೆಯನ್ನು ಹೇಳಿ ದಣಿಯದಿರುವುದಕ್ಕೆ ಕಾರಣವೂ ಅದೇ. ತಮ್ಮ ಹುಚ್ಚಿಗೆ ಅವರು ಇದರಲ್ಲಿ ಸಮರ್ಥನೆ ಕಂಡರು.

ಕಲಕತ್ತೆಯಲ್ಲಿ ಹುಡುಗ ನಟ ಪಹಾಡಿ ಸನ್ಯಾಲರ ಮನೆಯಲ್ಲಿ ಕೆಲಸಕ್ಕಿದ್ದ. ವರ್ಷಗಳ ನಂತರ ಅದೇ ನಗರದಲ್ಲಿ ಕಛೇರಿ ಮುಗಿಸಿದ ಪ್ರಸಿದ್ಧ ಗಾಯಕನನ್ನು ಅಭಿನಂದಿಸಲು ಸನ್ಯಾಲರು ಬಂದಾಗ, ನಿಮ್ಮ ಮನೆಯಲ್ಲಿದ್ದ ಜೋಶಿ ನಾನೇ ಎಂದು ಭೀಮಸೇನರು ಗುರುತು ಹೇಳಿದರಂತೆ. ಬಂಗಾಳದ ರಸಿಕರ ನಡುವೆ ಇದು ಮನೆಮಾತಾದ ಪ್ರಸಂಗ. ಅಲೆದಾಟ ಮುಗಿದದ್ದು ಜಲಂಧರದಲ್ಲಿ. ಹರಿವಲ್ಲಭ ಸಂಗೀತ ಮೇಳ ನಡೆಯುವ ಊರು ಅದು. ಅಲ್ಲಿ ಅಂಧ ಗಾಯಕ ಭಗತ ಮಂಗತರಾಮರ ಬಳಿ ಕಲಿಯುತ್ತಿದ್ದಾಗ, ಮೇಳಕ್ಕೆ ಬಂದಿದ್ದ ವಿನಾಯಕರಾವ ಪಟವರ್ಧನರು ಒಂದು ಮಾತು ಹೇಳಿದರು: ಇಷ್ಟು ದೂರ ಏಕೆ ಬಂದೆ, ನಿಮ್ಮೂರ ಪಕ್ಕದಲ್ಲೇ ಸವಾಯಿ ಗಂಧರ್ವರಿದ್ದಾರಲ್ಲ ಎಂದು. ತಂದೆ ಬಂದು ಮಗನನ್ನು ಮನೆಗೆ ಕರೆದೊಯ್ದರು. ಗದಗಿನಿಂದ ಕುಂದಗೋಳ ಅರ್ಧ ದಿನದ ದಾರಿಯೂ ಅಲ್ಲ.

1936ರಿಂದ 1940ರ ಸುಮಾರಿನವರೆಗೆ ಭೀಮಸೇನ ಕುಂದಗೋಳದಲ್ಲಿ ಗುರುಸೇವೆ ಮಾಡುತ್ತ ಕಲಿತರು. ನೀರು ಹೊರುವುದು, ಮನೆಗೆಲಸ, ಅದರ ನಡುವೆ ತೋಡಿ, ಮುಲ್ತಾನಿ, ಪೂರಿಯಾಗಳ ದೀರ್ಘ ಅಭ್ಯಾಸ. ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತು ಹೋಗುತ್ತಿದ್ದ ಗಂಗೂಬಾಯಿಯವರನ್ನು ಅವರು ಕಡೆಯವರೆಗೂ ಅಕ್ಕ ಎಂದೇ ಕರೆದರು. ಊರಿನ ನಾಡಿಗೇರ ಮನೆತನದ ವಾಡೆ ಆ ಕಾಲದ ಸಂಗೀತಕ್ಕೆ ನೆರಳಾಗಿತ್ತು. ದಪ್ಪ ಗೋಡೆ, ಮರದ ಕಂಬ, ನೆಲದ ಮೇಲೆ ಜಮಖಾನೆ. ಕೇಳುವವರು ಗಾಯಕನಿಂದ ಎರಡು ಮೊಳ ದೂರದಲ್ಲಿ. ಅಬ್ದುಲ್ ಕರೀಂ ಖಾನರು ಹಾಡಿದ ಜಾಗವೂ ಅದೇ.

ಆಕಾಶವಾಣಿಯ ಕೆಲಸ ಹುಡುಕಿಕೊಂಡು ಭೀಮಸೇನರು 1940ರ ದಶಕದ ಆರಂಭದಲ್ಲಿ ಮುಂಬಯಿಗೆ ಹೋದರು. ಅದೇ ಸುಮಾರಿಗೆ ಎಚ್‌ಎಂವಿ ಕಂಪನಿಯಿಂದ ಅವರ ಭಕ್ತಿಗೀತೆಗಳ ತಟ್ಟೆ ಬಂತು. ಆದರೆ ಜನ ಅವರನ್ನು ಹೊರಳಿ ನೋಡಿದ್ದು 1946ರ ಜನವರಿಯಲ್ಲಿ. ಸವಾಯಿ ಗಂಧರ್ವರ ಅರವತ್ತನೆಯ ಹುಟ್ಟುಹಬ್ಬವನ್ನು ಪುಣೆಯಲ್ಲಿ ಆಚರಿಸಿದಾಗ, ಪಾರ್ಶ್ವವಾಯುವಿನಿಂದ ಹಾಡಲಾರದಂತಾಗಿದ್ದ ಗುರುವಿನ ಎದುರು ಇಪ್ಪತ್ಮೂರರ ಶಿಷ್ಯ ಹಾಡಿದರು. ಗುರು ಒಪ್ಪಿದರು, ಸಭೆಯೂ ಒಪ್ಪಿತು. ಪುಣೆಯ ಕೇಳುಗರು ಸುಲಭಕ್ಕೆ ಒಪ್ಪುವವರಲ್ಲ. ಒಪ್ಪಿದರೆ ಬಿಡುವವರೂ ಅಲ್ಲ.

ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷ, 1953ರಲ್ಲಿ, ಆರ್ಯ ಸಂಗೀತ ಪ್ರಸಾರಕ ಮಂಡಳದ ಆಶ್ರಯದಲ್ಲಿ ಪುಣೆಯಲ್ಲಿ ಅವರ ಪುಣ್ಯಸ್ಮರಣೆಯ ಸಂಗೀತೋತ್ಸವ ಆರಂಭವಾಯಿತು. ಅದರ ಹೊಣೆಯನ್ನು ಭೀಮಸೇನರು ಸುಮಾರು ಅರ್ಧ ಶತಮಾನ ಹೊತ್ತರು. ಗುರುಭಕ್ತಿಯಿಂದ ಹುಟ್ಟಿದ ಪುಟ್ಟ ಕಾರ್ಯಕ್ರಮ ಬೆಳೆದು, ಡಿಸೆಂಬರ್ ಬಂತೆಂದರೆ ಪುಣೆಗೆ ಹೋಗುವುದು ಧಾರವಾಡ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾಂಗ್ಲಿಯ ರಸಿಕರಿಗೆ ಪಂಢರಪುರದ ವಾರಿಯಷ್ಟೇ ತಪ್ಪಿಸಲಾಗದ ನೇಮವಾಯಿತು. ‘ಸವಾಯಿಗೆ ಹೊರಟೆ’ ಎಂದರೆ ಸಾಕಿತ್ತು, ಯಾರೂ ಬಿಡಿಸಿ ಕೇಳುತ್ತಿರಲಿಲ್ಲ.

ಉತ್ಸವದ ರಾತ್ರಿಗಳ ರೀತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಭೀಮಸೇನರ ಅಭಿಮಾನಿವರ್ಗ ರೂಪುಗೊಂಡದ್ದು ಅಲ್ಲಿ. ಬಹುಕಾಲ ಅದು ನಡೆದದ್ದು ರಮಣಬಾಗ್ ಶಾಲೆಯ ಅಂಗಳದಲ್ಲಿ. ಪೆಂಡಾಲಿನ ಕೆಳಗೆ ಮುಂದೆ ಜಮಖಾನೆಯ ‘ಭಾರತೀಯ ಬೈಠಕ್’, ಹಿಂದೆ ಕುರ್ಚಿಗಳು. ಕಡಿಮೆ ದರದ ನೆಲದ ಜಾಗಕ್ಕೇ ಹೆಚ್ಚು ಬೇಡಿಕೆ; ಗಾಯಕನ ಮುಖ ಕಾಣುವ ಜಾಗ ಹಿಡಿಯಲು ಮಧ್ಯಾಹ್ನದಿಂದಲೇ ಸಾಲು. ಪುಣೆಯ ಡಿಸೆಂಬರಿನ ಚಳಿಗೆ ಶಾಲು, ಸ್ವೆಟರು, ಮಂಕಿ ಟೋಪಿ, ಮಡಿಸಿ ತಂದ ಚಾದರ. ಚಹಾದ ಥರ್ಮಾಸು. ಮಕ್ಕಳು ಅಲ್ಲೇ ಅಜ್ಜಿಯ ತೊಡೆಯ ಮೇಲೆ ಮಲಗುವುದು. ಸಂಜೆಯ ಷಹನಾಯಿಯಿಂದ ಶುರುವಾಗಿ ಒಬ್ಬರ ನಂತರ ಒಬ್ಬರು ಹಾಡಿ, ನುಡಿಸಿ, ಕುಣಿದು ಬೆಳಗಾಗುತ್ತಿತ್ತು. ಅಂಗಳದ ಅಂಚಿನ ಅಂಗಡಿಗಳಲ್ಲಿ ವಡಾಪಾವು, ಕಾಫಿ, ಕ್ಯಾಸೆಟ್ಟು, ಸಂಗೀತದ ಪುಸ್ತಕ. ಅಲ್ಲಿ ನಿಂತು ಚಹಾ ಕುಡಿಯುವಾಗ ನಡೆಯುತ್ತಿದ್ದ ವಾದವಿವಾದ ಯಾವ ಪತ್ರಿಕೆಯ ವಿಮರ್ಶೆಗೂ ಕಡಿಮೆಯದಲ್ಲ: ಇಂದಿನ ಮಾರವಾದಲ್ಲಿ ಷಡ್ಜವನ್ನು ಎಷ್ಟು ಹೊತ್ತು ತಡೆದರು, ಹೋದ ವರ್ಷದ ಪೂರಿಯಾ ಧನಾಶ್ರೀಗೆ ಇದು ಸಮವೇ ಎಂದೆಲ್ಲ.

ಕೊನೆಯ ದಿನದ ಬೆಳಗು ಕಿರಾನಾದವರದು. ಗಂಗೂಬಾಯಿ ಹಾನಗಲ್, ಫಿರೋಜ್ ದಸ್ತೂರ್, ಭೀಮಸೇನ ಜೋಶಿ ಎಂಬ ಮೂವರು ಗುರುಬಂಧುಗಳು ಹಾಡುವ ಹೊತ್ತು. ದಸ್ತೂರರು ವೇದಿಕೆಗೆ ಬಂದರೆ, ಅಬ್ದುಲ್ ಕರೀಂ ಖಾನರು ಹಾಡಿ ಪ್ರಸಿದ್ಧವಾದ ಗೋಪಾಲನ ಮೇಲಿನ ಗೀತೆಯನ್ನು ಜನ ವರ್ಷ ವರ್ಷವೂ ಕೇಳಿ ಹಾಡಿಸುತ್ತಿದ್ದರು. ಭೀಮಸೇನರದೇ ಕೊನೆ. ಅವರು ಮುಗಿಸಿದ ಮೇಲೆ ಸವಾಯಿ ಗಂಧರ್ವರ ಭೈರವಿ ಠುಮ್ರಿಯ ಹಳೆಯ ಧ್ವನಿಮುದ್ರಣವನ್ನು ಧ್ವನಿವರ್ಧಕದಲ್ಲಿ ಹಾಕುವುದು ಪದ್ಧತಿ. ಸಾವಿರಾರು ಜನ ಸದ್ದಿಲ್ಲದೆ ನಿಂತು ಕೇಳುತ್ತಿದ್ದರು.

ಈ ಉತ್ಸವ ಇನ್ನೊಂದು ಕೆಲಸ ಮಾಡಿತು. ಬೈಠಕ್ಕಿನ ಕೇಳುಗನಿಗೆ ತನ್ನ ಘರಾಣೆಯೇ ಲೋಕ. ಬೇರೆ ಘರಾಣೆಯ ಗಾಯಕನನ್ನು ಹಳಿಯುವುದು ಅವನ ರಸಿಕತನದ ಭಾಗವಾಗಿತ್ತು. ಸವಾಯಿ ಗಂಧರ್ವ ಉತ್ಸವದಲ್ಲಿ ಒಂದೇ ರಾತ್ರಿ ಗ್ವಾಲಿಯರ್, ಜೈಪುರ, ಆಗ್ರಾ, ಕಿರಾನಾ, ಸಿತಾರು, ಕಥಕ್ ಎಲ್ಲ ಕಿವಿಗೆ ಬೀಳುತ್ತಿದ್ದವು. ಭೀಮಸೇನರ ಅಭಿಮಾನಿಯಾಗಿ ಬಂದವನು ಮಲ್ಲಿಕಾರ್ಜುನ ಮನಸೂರರ ಅಭಿಮಾನಿಯೂ ಆಗಿ ಹಿಂದಿರುಗುತ್ತಿದ್ದ. ಒಬ್ಬ ಗಾಯಕ ತನ್ನ ಜನಪ್ರಿಯತೆಯನ್ನು ಇತರರಿಗೆ ಕೇಳುಗರನ್ನು ತಯಾರು ಮಾಡಲು ಬಳಸಿದ್ದಕ್ಕೆ ಇಷ್ಟು ದೀರ್ಘಕಾಲದ ಉದಾಹರಣೆ ಹಿಂದುಸ್ತಾನಿ ಸಂಗೀತದಲ್ಲಿ ಇನ್ನೊಂದು ಕಾಣುವುದಿಲ್ಲ. ಭೀಮಸೇನರ ದೊಡ್ಡ ಕೊಡುಗೆ ಯಾವುದೆಂದು ಕೇಳಿದರೆ ಅವರ ಶುದ್ಧ ಕಲ್ಯಾಣವನ್ನು ಹೆಸರಿಸುವವರು ಹೆಚ್ಚು. ಈ ಅಂಗಳವನ್ನು ಅದರ ಪಕ್ಕದಲ್ಲೇ ಇಡುವುದು ನ್ಯಾಯ.

ಜನ ಮರುಳಾದದ್ದು ಯಾವುದಕ್ಕೆ? ಕಿರಾನಾದ ಗುಣವೆಂದರೆ ಸ್ವರ ಸ್ವರಕ್ಕೂ ನಿಂತು, ನಿಧಾನವಾಗಿ ರಾಗ ಬಿಡಿಸುವುದು. ಅಬ್ದುಲ್ ಕರೀಂ ಖಾನರದು ಸೂಕ್ಷ್ಮವಾದ, ಕರುಣೆ ತುಂಬಿದ ಕಂಠ. ಭೀಮಸೇನರು ಅದೇ ಬಡಹತ್ ಇಟ್ಟುಕೊಂಡು ಅದಕ್ಕೆ ಗಂಡುದನಿಯ ಭಾರ, ಉಸಿರಿನ ಉದ್ದ, ಮಿಂಚಿನ ತಾನು ಸೇರಿಸಿದರು. ಕೇಸರಬಾಯಿ ಕೇರಕರ, ಅಮೀರ್ ಖಾನರಂಥವರಿಂದ ತಮಗೆ ಬೇಕಾದದ್ದನ್ನು ಹೆಕ್ಕಿಕೊಂಡರು. ಮಂದ್ರದ ಷಡ್ಜಕ್ಕೆ ಇಳಿದು ಕೂತರೆ ತಂಬೂರಿಯೂ ಅವರೂ ಒಂದೇ ಆಗುತ್ತಿದ್ದರು. ಮೂರು ಸಪ್ತಕಗಳ ತಾನು ಎತ್ತಿದರೆ ದೇಹವೆಲ್ಲ ಅದರ ಜೊತೆ ಹೋಗುತ್ತಿತ್ತು: ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಕೈ ಗಾಳಿಯಲ್ಲಿ ಏನನ್ನೋ ಹಿಡಿದು ಎಳೆದಂತೆ, ಕೆಲವೊಮ್ಮೆ ಕೂತಲ್ಲೇ ಅರ್ಧ ತಿರುಗಿ. ಹೊಸಬರು ನಗುತ್ತಿದ್ದುದುಂಟು. ಐದು ನಿಮಿಷದ ನಂತರ ನಗು ನಿಲ್ಲುತ್ತಿತ್ತು. ಈ ಅಂಗಚೇಷ್ಟೆಯನ್ನು ಮನೆಯಲ್ಲಿ ಅನುಕರಿಸದ ಅಭಿಮಾನಿ ಇರಲಿಲ್ಲವೆನ್ನಬಹುದು. ಶಿಷ್ಯರಲ್ಲೂ ಹಲವರಿಗೆ ಅದು ಅಂಟಿಕೊಂಡಿತು.

ಇನ್ನೊಂದು ಮಾತು ಧ್ವನಿವರ್ಧಕದ್ದು. ಹಳೆಯ ಉಸ್ತಾದರ ಸೂಕ್ಷ್ಮ ಗಾಯನ ನಲವತ್ತು ಜನರ ಪಡಸಾಲೆಗೆ ಹೇಳಿಸಿದ್ದು. ಮೈದಾನಕ್ಕೆ ಬಂದರೆ ಅದರಲ್ಲಿ ಅರ್ಧ ಕರಗಿಹೋಗುತ್ತಿತ್ತು. ಭೀಮಸೇನರ ಸ್ವರವಾದರೋ ಕೊನೆಯ ಸಾಲಿನವನಿಗೂ ಇಡಿಯಾಗಿ ಮುಟ್ಟುತ್ತಿತ್ತು. ರಾಜರ ಆಶ್ರಯ ಮುಗಿದು, ಟಿಕೀಟು ಕೊಂಡ ಜನರೇ ಆಶ್ರಯದಾತರಾದ ಕಾಲಕ್ಕೆ ಆ ಕಂಠ ತಕ್ಕುದಾಗಿತ್ತು.

ಟೀಕಾಕಾರರೂ ಇದ್ದರು. ಅವರು ಹಾಡುವ ರಾಗಗಳು ಕೆಲವೇ. ತೋಡಿ, ಪೂರಿಯಾ ಧನಾಶ್ರೀ, ದರಬಾರಿ, ಮಾಲಕಂಸ, ಶುದ್ಧ ಕಲ್ಯಾಣಗಳಲ್ಲೇ ಸುತ್ತುತ್ತಾರೆ ಎಂಬುದು ಹಳೆಯ ಆಕ್ಷೇಪ. ಜೈಪುರ ಘರಾಣೆಯ ಅಪರೂಪದ ರಾಗಗಳಿಗೆ ಕಿವಿ ತೆತ್ತವರಿಗೆ ಹಾಗೆ ಅನ್ನಿಸಿದ್ದು ಸಹಜ. ಆದರೆ ಅಭಿಮಾನಿಗಳು ಅದೇ ತೋಡಿಯನ್ನು ಇಪ್ಪತ್ತನೆಯ ಸಲ ಕೇಳಲು ಬರುತ್ತಿದ್ದರು. ರಾಗ ತಿಳಿಯುವುದಲ್ಲ, ತಿಳಿದ ರಾಗದಲ್ಲಿ ಇಂದು ಏನಾಗುತ್ತದೆ ಎಂಬುದು ಅವರ ಕುತೂಹಲ. ಕಲಾವತಿ, ರಾಗೇಶ್ರೀಗಳನ್ನು ಬೆಸೆದು ಭೀಮಸೇನರು ಕಟ್ಟಿದ ಕಲಾಶ್ರೀಯಂಥ ರಾಗಗಳೂ ಇವೆ. ಅವರ ಕುಡಿತದಿಂದ ಕೆಟ್ಟ ಕಛೇರಿಗಳ ವಿಚಾರವನ್ನು ಜೀವನಚರಿತ್ರೆ ಬರೆದವರು ಮುಚ್ಚಿಟ್ಟಿಲ್ಲ, ಅವರೂ ಮುಚ್ಚಿಡಲಿಲ್ಲ; ಮುಂದೆ ಅದನ್ನು ಬಿಟ್ಟರು. ಕೇಳುಗರು ಆ ವರ್ಷಗಳಲ್ಲಿ ಗೊಣಗಿದರು, ಆದರೆ ಮುಂದಿನ ಕಛೇರಿಗೆ ಮತ್ತೆ ಬಂದು ಕೂತರು.

ಕಛೇರಿಗೆ ಬಾರದವರನ್ನು ಮುಟ್ಟಿದ್ದು ಸಿನಿಮಾ ಮತ್ತು ಧ್ವನಿಮುದ್ರಣ. 1956ರ ಹಿಂದಿ ಚಿತ್ರ ‘ಬಸಂತ್ ಬಹಾರ್’ ತ.ರಾ. ಸುಬ್ಬರಾಯರ ‘ಹಂಸಗೀತೆ’ ಕಾದಂಬರಿಯ ಆಧಾರದ್ದು. ಅದರಲ್ಲಿ ಭೀಮಸೇನರಿಗೂ ಮನ್ನಾ ಡೇ ಅವರಿಗೂ ಹಾಡಿನ ಸ್ಪರ್ಧೆ. ಕಥೆಯ ಪ್ರಕಾರ ಗೆಲ್ಲಬೇಕಾದ್ದು ಮನ್ನಾ ಡೇ. ಭೀಮಸೇನರ ಎದುರು ಗೆಲ್ಲುವ ಹಾಡು ಹಾಡಬೇಕೆಂದಾಗ ತಾನು ಊರು ಬಿಟ್ಟು ಓಡಲು ಯೋಚಿಸಿದ್ದಾಗಿ ಮನ್ನಾ ಡೇ ಮುಂದೆ ಹೇಳಿಕೊಂಡಿದ್ದಾರೆ. ಕನ್ನಡದಲ್ಲಿ, ಅ.ನ.ಕೃ. ಅವರ ಕಾದಂಬರಿಯನ್ನು ಆಧರಿಸಿ ರಾಜಕುಮಾರ್ ನಟಿಸಿದ ‘ಸಂಧ್ಯಾರಾಗ’ ಚಿತ್ರಕ್ಕೆ (1966) ಅವರು ಹಾಡಿದರು. ‘ಅನ್‌ಕಹೀ’ ಚಿತ್ರದ ಗಾಯನಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಲಾಂಗ್‌ಪ್ಲೇ ತಟ್ಟೆ ಬಂದ ಮೇಲೆ ಒಂದು ಬದಿಗೆ ಇಪ್ಪತ್ತು ನಿಮಿಷದ ಖಯಾಲು ಮನೆಯಲ್ಲೇ ಕೇಳುವಂತಾಯಿತು. 1986ರಲ್ಲಿ ಎಚ್‌ಎಂವಿ ಅವರಿಗೆ ಪ್ಲಾಟಿನಂ ಡಿಸ್ಕ್ ಕೊಟ್ಟಿತು. ಶಾಸ್ತ್ರೀಯ ಗಾಯಕನೊಬ್ಬನಿಗೆ ಆ ಮಾರಾಟ ಕಡಿಮೆಯದಲ್ಲ.

ಅದಕ್ಕೂ ಮಿಗಿಲಾಗಿ ಹರಡಿದ್ದು ಭಕ್ತಿಗೀತೆ. ಮರಾಠಿಯಲ್ಲಿ ರಾಮ ಫಾಟಕ, ಶ್ರೀನಿವಾಸ ಖಳೆ ಮೊದಲಾದವರು ರಾಗ ಕೂಡಿಸಿದ ಅಭಂಗಗಳನ್ನು ಅವರು ‘ಸಂತವಾಣಿ’ ಎಂಬ ಹೆಸರಿನಲ್ಲಿ ಕಾರ್ಯಕ್ರಮವಾಗಿಯೇ ಹಾಡತೊಡಗಿದರು. ಪಖವಾಜು, ತಾಳ, ಹಿಂದೆ ಶಿಷ್ಯರ ದನಿ. ಖಯಾಲಿನ ವಿಳಂಬಿತ ಅರ್ಥವಾಗದ ವಾರಕರಿ ರೈತನೂ ಇದಕ್ಕೆ ಕಿವಿಗೊಟ್ಟ. ಕನ್ನಡದಲ್ಲಿ ಅವರ ದಾಸವಾಣಿ ಅದೇ ಕೆಲಸ ಮಾಡಿತು. ವಿಠಲ ಮರಾಠಿ ಸಂತರಿಗೂ ಕನ್ನಡ ದಾಸರಿಗೂ ಒಬ್ಬನೇ; ಮಾಧ್ವ ಮನೆತನದಲ್ಲಿ ಹುಟ್ಟಿ ಪುಣೆಯಲ್ಲಿ ಬಾಳಿದ ಗಾಯಕನಿಗೆ ಒಂದರಿಂದ ಇನ್ನೊಂದಕ್ಕೆ ದಾಟಲು ಹೊಳೆಯೇನೂ ಅಡ್ಡ ಇರಲಿಲ್ಲ. ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ದಕ್ಷಿಣದ ಪ್ರತಿ ಮನೆಯಲ್ಲೂ ಇದ್ದ ಹಾಡೇ, ಆದರೆ ಅದಕ್ಕೆ ಅವರು ಕೊಟ್ಟ ಗತಿ, ಒಂದೊಂದು ಸಾಲನ್ನೂ ಏರಿಸಿ ಇಳಿಸುವ ಪರಿ ಎಷ್ಟು ಬೇರೂರಿತೆಂದರೆ, ಶಂಕರನಾಗ್ ನಿರ್ದೇಶನದ ‘ನೋಡಿ ಸ್ವಾಮಿ ನಾವಿರೋದು ಹೀಗೆ’ ಚಿತ್ರದಲ್ಲೂ ಅದು ಬಂತು, ಶುಕ್ರವಾರದ ಬೆಳಗ್ಗೆ ಅಂಗಡಿ ತೆರೆಯುವವರ ಟೇಪ್ ರಿಕಾರ್ಡರಿನಲ್ಲೂ ನೆಲೆಸಿತು.

ಇದರಿಂದ ಕಛೇರಿಯಲ್ಲಿ ಒಂದು ಹೊಸ ಎಳೆದಾಟ ಹುಟ್ಟಿತು. ಖಯಾಲು ಮುಗಿಯುವ ಹೊತ್ತಿಗೆ ವೇದಿಕೆಗೆ ಚೀಟಿಗಳು ಬರತೊಡಗುತ್ತಿದ್ದವು. ಪುಣೆಯಲ್ಲಾದರೆ ಅಭಂಗ, ಕರ್ನಾಟಕದಲ್ಲಾದರೆ ದೇವರನಾಮ. ಹಾರ್ಮೋನಿಯಂ ವಾದಕನ ಪಕ್ಕದಲ್ಲಿ ಚೀಟಿಗಳ ಪುಟ್ಟ ಗುಡ್ಡೆ. ಭೈರವಿಯಲ್ಲಿ ಒಂದು ಚೀಸು ಕೇಳಿ ಏಳಬೇಕೆಂದಿದ್ದ ಹಿರಿಯ ರಸಿಕರು ಗೊಣಗುತ್ತಿದ್ದರು, ಇದೇನು ಭಜನೆಯ ಮೇಳವೇ ಎಂದು. ಆದರೆ ಚೀಟಿ ಕಳಿಸಿದವನು ಅದಕ್ಕೂ ಮುಂಚೆ ಒಂದೂವರೆ ಗಂಟೆ ಖಯಾಲು ಕೇಳಿಯೇ ಕೂತಿರುತ್ತಿದ್ದ ಎನ್ನುವುದನ್ನು ಗೊಣಗುವವರು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ದೇವರನಾಮದ ಆಸೆಗೆ ಬಂದು ಬಡಾ ಖಯಾಲಿಗೆ ಕಿವಿ ಪಳಗಿಸಿಕೊಂಡವರ ಸಂಖ್ಯೆ ಕನ್ನಡ ನಾಡಿನಲ್ಲಿ ದೊಡ್ಡದೇ ಇರಬೇಕು.

ಕರ್ನಾಟಕ ಸಂಗೀತದ ಬಲವಾದ ನೆಲೆಯಾದ ಬೆಂಗಳೂರು ಅವರನ್ನು ಬರಮಾಡಿಕೊಂಡದ್ದು ಮುಖ್ಯವಾಗಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಉತ್ಸವದಲ್ಲಿ. ಎಸ್.ವಿ. ನಾರಾಯಣಸ್ವಾಮಿರಾಯರು 1939ರಲ್ಲಿ ಶುರುಮಾಡಿದ ಶ್ರೀ ರಾಮಸೇವಾ ಮಂಡಳಿಯ ಪೆಂಡಾಲಿನಲ್ಲಿ ಕರ್ನಾಟಕ ಸಂಗೀತದ ಘನ ವಿದ್ವಾಂಸರ ಸಾಲಿನಲ್ಲೇ ಹಿಂದುಸ್ತಾನಿಯವರಿಗೂ ಜಾಗವಿತ್ತು. ಪೆಂಡಾಲಿನ ಹೊರಗೆ, ರಸ್ತೆಬದಿಯ ಕಟ್ಟೆಯ ಮೇಲೆ ಕೂತು ಪುಕ್ಕಟೆ ಕೇಳುವವರ ಪರಂಪರೆ ಆ ಉತ್ಸವದ್ದೇ ಆಸ್ತಿ. ಕೃತಿಗಳನ್ನು ಕೇಳಿ ಬೆಳೆದ ಜನ ಒಂದೇ ರಾಗದ ಮುಕ್ಕಾಲು ಗಂಟೆಯ ವಿಸ್ತಾರಕ್ಕೆ ಒಗ್ಗಿಕೊಂಡದ್ದು ಇಂಥ ರಾತ್ರಿಗಳಲ್ಲಿ. ಅತ್ತ ಉತ್ತರ ಕರ್ನಾಟಕದಲ್ಲಿ 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿ ಕೇಂದ್ರ ದೂರದ ಹಳ್ಳಿಗೂ ಈ ಸ್ವರವನ್ನು ಮುಟ್ಟಿಸಿತು.

ಕರೆ ಬಂದಲ್ಲೆಲ್ಲ ಹೋಗುವುದು ಅವರ ರೂಢಿ. ಇಂದು ಕಲಕತ್ತೆ, ನಾಳೆ ಮುಂಬಯಿ, ನಾಡಿದ್ದು ದಿಲ್ಲಿ ಎಂದು ವಿಮಾನದಲ್ಲಿ ಹಾರಾಡುವ ಅವರನ್ನು ಪು.ಲ. ದೇಶಪಾಂಡೆ ‘ಹವಾಯಿ ಗಂಧರ್ವ’ ಎಂದು ಕರೆದರು. ಕಾರುಗಳ ಹುಚ್ಚು ಬೇರೆ. ತಂಬೂರಿ, ಸಾಥಿದಾರರನ್ನು ಹೇರಿಕೊಂಡು ಪುಣೆಯಿಂದ ತಾವೇ ಕಾರು ಓಡಿಸಿಕೊಂಡು ಬರುತ್ತಿದ್ದರು. ಇಳಿದ ಕೂಡಲೆ ವೇದಿಕೆ. ಅವರ ಅಭಿಮಾನಿಗಳ ನೆನಪಿನಲ್ಲಿ ರಾಗಗಳಷ್ಟೇ ಕಾರುಗಳಿಗೂ ಜಾಗವಿದೆ.

1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ‘ಮಿಲೇ ಸುರ್ ಮೇರಾ ತುಮ್ಹಾರಾ’ ಪ್ರಸಾರವಾಯಿತು. ಮೊದಲ ದನಿ ಭೀಮಸೇನರದು, ಭೈರವಿಯಲ್ಲಿ. ಒಂದೇ ಚಾನೆಲ್ಲಿನ ಕಾಲವದು. ಖಯಾಲು ಎಂದರೇನೆಂದು ಗೊತ್ತಿಲ್ಲದ ಶಾಲೆಯ ಮಕ್ಕಳಿಗೂ ಆ ಮುಖ, ಆ ಕೈಯಾಟ ಪರಿಚಯವಾದವು. ಒಂದು ತಲೆಮಾರಿನ ಭಾರತೀಯರಿಗೆ ಶಾಸ್ತ್ರೀಯ ಗಾಯಕ ಎಂದರೆ ಕಣ್ಣಿಗೆ ಬರುವ ರೂಪವೇ ಅದಾಯಿತು. ಅಬ್ದುಲ್ ಕರೀಂ ಖಾನರ ಕಾಲದ ನಲವತ್ತು ಜನರ ಪಡಸಾಲೆಯಿಂದ ಇಲ್ಲಿಗೆ ಮುಕ್ಕಾಲು ಶತಮಾನ.

ಅವರು ಯಾರವರು ಎಂಬ ಪ್ರೀತಿಯ ಜಗಳ ಕನ್ನಡಿಗರಿಗೂ ಮರಾಠಿಗರಿಗೂ ಇತ್ತು. ಮಹಾರಾಷ್ಟ್ರ 2002ರಲ್ಲಿ ಮಹಾರಾಷ್ಟ್ರ ಭೂಷಣ ಕೊಟ್ಟಿತು, ಕರ್ನಾಟಕ 2005ರಲ್ಲಿ ಕರ್ನಾಟಕ ರತ್ನ. ಪುಣೆಯಲ್ಲಿ ನೆಲೆಸಿ ಅರ್ಧ ಶತಮಾನ ಕಳೆದರೂ ಗದಗಿನ ಕನ್ನಡ ಅವರ ಬಾಯಿಂದ ಹೋಗಲಿಲ್ಲ. ಧಾರವಾಡದ ಕಡೆಯವರು ಸಿಕ್ಕರೆ ಮಾತು ಆ ಧಾಟಿಗೇ ತಿರುಗುತ್ತಿತ್ತು. 1972ರ ಪದ್ಮಶ್ರೀ, 1985ರ ಪದ್ಮಭೂಷಣ, 1999ರ ಪದ್ಮವಿಭೂಷಣದ ನಂತರ 2008ರಲ್ಲಿ ಭಾರತರತ್ನ ಘೋಷಣೆಯಾದಾಗ ಎರಡೂ ಕಡೆ ಪಟಾಕಿ ಹಾರಿದವು. 2014ರಲ್ಲಿ ಅಂಚೆ ಇಲಾಖೆ ಎಂಟು ಸಂಗೀತಗಾರರ ಅಂಚೆಚೀಟಿ ಹೊರಡಿಸಿದಾಗ ಅವರಲ್ಲಿ ನಾಲ್ವರು, ಅಂದರೆ ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ, ಕುಮಾರ ಗಂಧರ್ವ, ಧಾರವಾಡ, ಬೆಳಗಾವಿ ಸೀಮೆಯಲ್ಲಿ ಹುಟ್ಟಿದವರಾಗಿದ್ದರು.

ಅಷ್ಟರಲ್ಲಿ ಕೇಳುವ ಪದ್ಧತಿಯೇ ಬದಲಾಗಿತ್ತು. ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕ ಹಚ್ಚಬಾರದೆಂಬ 2000ದ ಶಬ್ದಮಾಲಿನ್ಯ ನಿಯಮಗಳು ಪುಣೆಯ ಉತ್ಸವದ ಅಹೋರಾತ್ರಿ ರೂಢಿಯನ್ನು ಮುಗಿಸಿದವು. ನಡುರಾತ್ರಿಯ ದರಬಾರಿ, ಅಡಾಣಾ, ನಸುಕಿನ ಲಲಿತಗಳನ್ನು ಅವುಗಳದೇ ಹೊತ್ತಿನಲ್ಲಿ ಕೇಳುವ ಅವಕಾಶ ಮೈದಾನದ ಕೇಳುಗನಿಗೆ ತಪ್ಪಿತು. ಕಾರ್ಯಕ್ರಮ ಮಧ್ಯಾಹ್ನಕ್ಕೆ ಸರಿಯಿತು, ದಿನಗಳು ಹೆಚ್ಚಿದವು. ಹೊತ್ತಿಗೆ ಮುಗಿಯುವುದರಿಂದ ಸಂಸಾರಸ್ಥರಿಗೆ ಅನುಕೂಲವೂ ಆಯಿತೆನ್ನಿ; ಹಳಬರು ಮಾತ್ರ ಅದನ್ನು ಒಪ್ಪುವುದಿಲ್ಲ.

ಆರೋಗ್ಯ ಕುಗ್ಗಿದ್ದರೂ ಭೀಮಸೇನರು 2007ರ ಸವಾಯಿ ಗಂಧರ್ವ ಉತ್ಸವದಲ್ಲಿ ಹಾಡಿದರು. 2011ರ ಜನವರಿ 24ರಂದು ಪುಣೆಯಲ್ಲಿ ತೀರಿಕೊಂಡರು. ವೈಕುಂಠ ಸ್ಮಶಾನದಲ್ಲಿ ಸರ್ಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ ನಡೆಯಿತು. ಆ ನಂತರ ಉತ್ಸವ ‘ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ’ ಎಂಬ ಹೆಸರು ಪಡೆದು, ಮಗ ಶ್ರೀನಿವಾಸ ಜೋಶಿಯವರ ಮುಂದಾಳತ್ವದಲ್ಲಿ ನಡೆಯುತ್ತಿದೆ. ರಮಣಬಾಗಿನ ಅಂಗಳ ಸಾಲದೆ ಮುಕುಂದನಗರದ ದೊಡ್ಡ ಮೈದಾನಕ್ಕೆ ಹೋಗಿದೆ. ಕುಂದಗೋಳದಲ್ಲಿ ನಾಡಿಗೇರ ವಾಡೆಯ ಸವಾಯಿ ಗಂಧರ್ವ ಸಂಗೀತೋತ್ಸವ ತನ್ನ ಪಾಡಿಗೆ ತಾನು ನಡೆದುಬಂದಿದೆ; ಅಲ್ಲಿ ಜಮಖಾನೆಯ ಮೇಲೆ ಕೂತು ಇಡೀ ರಾತ್ರಿ ಕೇಳುವ ರೂಢಿ ಉಳಿದಿದೆ.

ಕಛೇರಿಯ ಕೇಳುಗರು ಇಟ್ಟುಕೊಂಡ ಟೇಪುಗಳದು ಇನ್ನೊಂದು ಕಥೆ. 1970ರಿಂದ ಈಚೆಗೆ ಕ್ಯಾಸೆಟ್ ರಿಕಾರ್ಡರು ಕೈಗೆಟಕುವಂತಾದಾಗ, ಚೀಲದಲ್ಲಿ ಅದನ್ನು ಅಡಗಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತವರೆಷ್ಟೋ. ಪಕ್ಕ ತಿರುಗಿಸುವಾಗ ಅರ್ಧ ತಾನು ಹೋಗಿರುತ್ತದೆ; ಯಾರದೋ ಕೆಮ್ಮು, ‘ಕ್ಯಾ ಬಾತ್ ಹೈ’ ಎಂಬ ಉದ್ಗಾರ ಹಾಗೆಯೇ ಇರುತ್ತವೆ. ಕಂಪನಿಯವರು ಮುದ್ರಿಸಿದ ಇಪ್ಪತ್ತು ನಿಮಿಷದ ತೋಡಿಗಿಂತ ಈ ಒಂದೂವರೆ ಗಂಟೆಯ ತೋಡಿಯೇ ಅಸಲು ಎನ್ನುವವರು ಇವನ್ನು ಒಬ್ಬರಿಂದೊಬ್ಬರಿಗೆ ನಕಲು ಮಾಡಿ ಹಂಚಿದರು. ಈಗ ಅವು ಯೂಟ್ಯೂಬಿಗೆ ಬಂದಿವೆ. ಊರು, ವರ್ಷ, ತಬಲಾ ಸಾಥಿ ಯಾರು ಎಂಬುದರ ಬಗ್ಗೆ ಕೆಳಗೆ ವಾದ ನಡೆಯುತ್ತದೆ. ಆ ರಾತ್ರಿ ಅಲ್ಲಿದ್ದವರೊಬ್ಬರು ಬಂದು ತೀರ್ಮಾನ ಹೇಳುತ್ತಾರೆ, ಅದನ್ನೂ ಒಪ್ಪದವರು ಇರುತ್ತಾರೆ.